ಏಸಿ ಜಾಲರಿಯೂ ಅಮ್ಮನ ಕೆಮ್ಮೂ

ವಿಕ್ರೋಳಿಯಲ್ಲಿ ನಮ್ಮ ಮನೆ ಎಲ್‌ಬಿಎಸ್ ರಸ್ತೆಗೆ ಹತ್ತಿರ. ಕಿಟಕಿ ಮುಚ್ಚಿದರೂ ಮೆಟ್ರೊ ಕಾಮಗಾರಿಯ ದೂಳು ಒಳಗೆ. ಹೋದ ದೀಪಾವಳಿಗೆ ಹಾಸನದಿಂದ ಬಂದ ಅಮ್ಮನಿಗೆ ಎರಡೇ ದಿನಕ್ಕೆ ಕೆಮ್ಮು, ಮೊದಲೇ ಉಬ್ಬಸದವರು. ‘ಊರಿಗೆ ಹೊರಡ್ತೀನಿ ಕಣೋ’ ಎಂದರು.

ಎಂಟೆಕ್ ಓದಿದವನಲ್ಲವೇ! ‘ಮರ್ವ್ 13’ ಎಂದಿದ್ದ ದಪ್ಪ ಹಾಳೆಯನ್ನು ಆನ್‌ಲೈನ್‌ನಲ್ಲಿ ತರಿಸಿ, ಕತ್ತರಿಸಿ, ಸ್ಪ್ಲಿಟ್ ಏಸಿಯ ಜಾಲರಿಗೆ ಅಂಟಿಸಿದೆ. ಮೂರನೇ ರಾತ್ರಿ ಕಾಯಿಲ್ ಮೇಲೆ ಮಂಜುಗಡ್ಡೆ, ಬೆಳಗ್ಗೆ ಹಾಸಿಗೆಯೆಲ್ಲ ನೀರು. ರಿಪೇರಿಗೆ ಬಂದ ಹುಡುಗ ಹಾಳೆ ಕಿತ್ತು ನನ್ನ ಕೈಗಿಟ್ಟು ನಕ್ಕ.

ಮರ್ವ್ ಎಂಬುದು ಅಮೆರಿಕದವರು ಡಕ್ಟ್ ಏಸಿಗಳಿಗೆ ಬಳಸುವ ಅಳತೆ. ನಮ್ಮ ಗೋಡೆ ಏಸಿಯ ಸಣ್ಣ ಫ್ಯಾನು ಅಷ್ಟು ದಪ್ಪದ ಹಾಳೆ ದಾಟಿಸಿ ಗಾಳಿ ಎಳೆಯಲಾರದು. ಗಾಳಿ ಕಡಿಮೆಯಾದರೆ ಕಾಯಿಲ್ ಹೆಪ್ಪುಗಟ್ಟುತ್ತದೆ. ಏಸಿಯ ನೈಲಾನ್ ಜಾಲರಿ ಹಿಡಿಯುವುದು ಕೂದಲು, ನೂಲು, ದಪ್ಪ ದೂಳನ್ನಷ್ಟೇ. ಶ್ವಾಸಕೋಶಕ್ಕಿಳಿಯುವ 2.5 ಮೈಕ್ರಾನ್ ಕಣ ಆರಾಮಾಗಿ ನುಸುಳುತ್ತದೆ. ಅದಕ್ಕೆ 0.3 ಮೈಕ್ರಾನ್ ಕಣವನ್ನೂ ಶೇ 99.97ರಷ್ಟು ತಡೆಯುವ ಹೆಪಾ ಫಿಲ್ಟರಿನ ಪ್ರತ್ಯೇಕ ಪ್ಯೂರಿಫೈಯರೇ ಬೇಕು. ಕೊಳ್ಳುವ ಮುಂಚೆ ಬದಲಿ ಫಿಲ್ಟರಿನ ಬೆಲೆ ಕೇಳಿಕೊಳ್ಳಿ. ಜೇಬು ಸುಡುವುದು ಅಲ್ಲೇ.

ಏಸಿಗೆ ಹಳೇ ಜಾಲರಿಯೇ ಸಾಕು, ಎರಡು ವಾರಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸಿದರೆ. ಈ ಸಲ ಸಂಕ್ರಾಂತಿವರೆಗೂ ಇರುತ್ತೇನೆಂದಿರುವ ಅಮ್ಮ ಆ ಕೆಲಸವನ್ನು ನನ್ನಿಂದ ಕಿತ್ತುಕೊಂಡಿದ್ದಾರೆ.