ತಿದ್ದಿದ್ದೇ ಮೂಲವಾದ ಕಥೆ

ವಾಲ್ವ್ ರೇಡಿಯೊ ಕೇಳಿ ಬೆಳೆದ ತಲೆಮಾರಿಗೆ ಒಂದು ಸಂಗತಿ ನೆನಪಿರುತ್ತದೆ. ಗುಂಡಿ ತಿರುಗಿಸಿದ ಕೂಡಲೇ ರೇಡಿಯೊ ಮಾತನಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಬಿಸಿಯಾಗಬೇಕು, ಹಿಂಬದಿಯ ರಟ್ಟಿನ ತೂತುಗಳಲ್ಲಿ ಕೆಂಬೆಳಕು ಕಾಣಬೇಕು, ಆಮೇಲೆ ಎಲ್ಲೋ ದೂರದಿಂದ ನಡೆದು ಬಂದಂತೆ ಧ್ವನಿ ಕೇಳತೊಡಗುತ್ತಿತ್ತು. ಅಂಥ ಬುರುಡೆಗಳನ್ನು ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ 1960ರ ದಶಕದ ಆರಂಭದಿಂದ ತಯಾರಿಸುತ್ತಿತ್ತು. ಆದರೆ 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಕ್ರಮೇಣ ಎಲ್ಲೆಡೆ ವಾಲ್ವ್‌ನ ಜಾಗವನ್ನು ಆಕ್ರಮಿಸಿತು. ರೇಡಿಯೊ, ಟಿ.ವಿ., ಗಣಕಯಂತ್ರ ಎಲ್ಲವೂ ಗಾಜಿನ ಬುರುಡೆಯನ್ನು ಕೈಬಿಟ್ಟವು.

ಕೈಬಿಡದೆ ಉಳಿದವರಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಮುಖ್ಯರು. ಇಂದಿಗೂ ಅವರು ವಾಲ್ವ್ ಆಂಪ್ಲಿಫೈಯರ್‌ಗೆ ಹೆಚ್ಚು ಹಣ ತೆರುತ್ತಾರೆ. ‘ಲಿಮಿಟೆಡ್ ಎಡಿಷನ್’, ಅಂದರೆ ಇಷ್ಟೇ ಸಂಖ್ಯೆಯಲ್ಲಿ ತಯಾರಿಸಿದ ಸೀಮಿತ ಆವೃತ್ತಿ ಎಂದರಂತೂ ಇನ್ನಷ್ಟು ಹೆಚ್ಚು. ಸೋಜಿಗವೆಂದರೆ, ಹೀಗೆ ಅಪರೂಪವೆಂದು ಕೊಂಡು ತಂದವರಲ್ಲಿ ಅನೇಕರು ಕೆಲವೇ ದಿನಗಳಲ್ಲಿ ಅದರ ಹಿಂಬದಿಯ ಹಲಗೆ ಬಿಚ್ಚಿ ಒಳಗಿನದನ್ನು ಬದಲಿಸತೊಡಗುತ್ತಾರೆ. ಅಪರೂಪವೆಂದು ಕೊಂಡದ್ದನ್ನು ಹಾಗೇ ಇಟ್ಟುಕೊಳ್ಳಬಾರದೇ? ತಿದ್ದಿದರೆ ಅದು ಮೂಲವಾಗಿ ಉಳಿಯುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಆಂಪ್ಲಿಫೈಯರಿನ ಇಡೀ ಇತಿಹಾಸವೇ ಬಿಚ್ಚಿಕೊಳ್ಳುತ್ತದೆ.

ದೋಷವೇ ನಾದವಾದದ್ದು

ಮೊದಲು ಯಂತ್ರದ ಮರ್ಮ ತಿಳಿಯೋಣ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕೆಥೋಡ್ ಎಂಬ ಲೋಹದ ಕೊಳವೆ ಇರುತ್ತದೆ. ಅದು ಕಾದಾಗ ಎಲೆಕ್ಟ್ರಾನುಗಳು ಹೊರಚಿಮ್ಮಿ ಎದುರಿನ ಪ್ಲೇಟಿನತ್ತ ಹರಿಯುತ್ತವೆ. ನಡುವೆ ಗ್ರಿಡ್ ಎಂಬ ತಂತಿಯ ಜಾಲರಿ. ಗಿಟಾರಿನಿಂದ ಬಂದ ಅತಿ ಸಣ್ಣ ವಿದ್ಯುತ್ ಸಂಕೇತ ಈ ಜಾಲರಿಯ ಮೇಲೆ ಬಿದ್ದಾಗ, ಕಾಲುವೆಯ ತೂಬನ್ನು ಕಿರುಬೆರಳಿನಲ್ಲಿ ಏರಿಸಿ ಇಳಿಸಿದ ಹಾಗೆ, ದೊಡ್ಡ ಹರಿವೊಂದು ಅದರ ತಾಳಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಇದೇ ವರ್ಧನೆ.

ತೂಬನ್ನು ಪೂರ್ತಿ ತೆರೆದ ಮೇಲೆ ಇನ್ನಷ್ಟು ನೀರು ಬೇಕೆಂದರೆ ಬರುವುದಿಲ್ಲ. ಹಾಗೆಯೇ ವಾಲ್ವ್ ತನ್ನ ಮಿತಿ ಮುಟ್ಟಿದಾಗ ಸಂಕೇತದ ಅಲೆಯ ತುದಿ ಚಪ್ಪಟೆಯಾಗುತ್ತದೆ, ಸ್ವರ ಒಡೆಯುತ್ತದೆ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಈ ತುದಿ ಕತ್ತರಿಸಿದಂತೆ ಥಟ್ಟನೆ ಮೊಂಡಾಗುತ್ತದೆ. ವಾಲ್ವ್ ಆಂಪ್ಲಿಫೈಯರಿನಲ್ಲಿ ಮೆಲ್ಲಗೆ ದುಂಡಗಾಗುತ್ತಾ ಹೋಗುತ್ತದೆ. ಆಗ ಮೂಲಸ್ವರದ ಜೊತೆಗೆ ಅದರ ಅನುಸ್ವರಗಳೂ ಎದ್ದು ಬರುತ್ತವೆ. ಮೆಲ್ಲಗೆ ಮೀಟಿದರೆ ಸ್ವಚ್ಛ ಸ್ವರ, ಬಲವಾಗಿ ಮೀಟಿದರೆ ಒರಟು ಸ್ವರ. ಹೀಗೆ ಯಂತ್ರವೇ ಬೆರಳಿಗೆ ಉತ್ತರ ಕೊಡತೊಡಗುತ್ತದೆ.

ಎಂಜಿನಿಯರುಗಳ ದೃಷ್ಟಿಯಲ್ಲಿ ಇದು ದೋಷ. ವಾದಕರಿಗೆ ಮಾತ್ರ ಇದೇ ಬೇಕಾಯಿತು. 1951ರಲ್ಲಿ ಮೆಂಫಿಸ್ ನಗರದಲ್ಲಿ ‘ರಾಕೆಟ್ 88’ ಹಾಡು ಧ್ವನಿಮುದ್ರಣವಾದಾಗ, ದಾರಿಯಲ್ಲಿ ಪೆಟ್ಟು ತಿಂದ ಆಂಪ್ಲಿಫೈಯರಿನ ಸ್ಪೀಕರಿಗೆ ಕಾಗದ ತುರುಕಿ ನುಡಿಸಿದರೆಂದು ಹೇಳುತ್ತಾರೆ. ಆ ಗೊಗ್ಗರು ದನಿಯೇ ಹಾಡಿನ ಸೊಗಸಾಯಿತು. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಪುಟ್ಟ, ಅಗ್ಗದ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿಯೇಬಿಟ್ಟ. ತಯಾರಕ ಕೊಟ್ಟದ್ದನ್ನು ವಾದಕ ತನ್ನ ಕಿವಿಗೆ ತಕ್ಕಂತೆ ತಿದ್ದಿಕೊಂಡ ಪ್ರಸಿದ್ಧ ಉದಾಹರಣೆಗಳಲ್ಲಿ ಇದೂ ಒಂದು. ನಮಗಿದು ತೀರ ಹೊಸದೇನಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆ ಸರಿಸಿ ನಾದ ಅರಳಿಸುವುದು, ಕಛೇರಿಗೆ ಮುನ್ನ ಮೃದಂಗದ ಎಡಮುಖಕ್ಕೆ ಕಲಸಿದ ರವೆ ಮೆತ್ತುವುದು ನಮ್ಮಲ್ಲಿ ಯಾವಾಗಲೂ ನುಡಿಸುವವರ ಕೆಲಸವೇ ತಾನೇ?

ನಕಲು, ತಿದ್ದುಪಡಿ, ಹೊಸ ಮೂಲ

ಇನ್ನು ದೊಡ್ಡ ಹೆಸರುಗಳ ಕಡೆ ನೋಡೋಣ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್ 1952ರಲ್ಲಿ ‘ಬಾಸ್‌ಮನ್’ ಎಂಬ ಆಂಪ್ಲಿಫೈಯರ್ ಹೊರತಂದ. ಹೆಸರೇ ಹೇಳುವಂತೆ ಅದು ಬಾಸ್ ಗಿಟಾರಿಗೆಂದು ಮಾಡಿದ್ದು. 1950ರ ದಶಕದ ಕೊನೆಗೆ 10 ಇಂಚಿನ ನಾಲ್ಕು ಸ್ಪೀಕರುಗಳ ಬಾಸ್‌ಮನ್ ಸಾಮಾನ್ಯ ಗಿಟಾರ್ ವಾದಕರ ಅಚ್ಚುಮೆಚ್ಚಾಯಿತು.

ಆಗ ಇಂಗ್ಲೆಂಡಿನಲ್ಲಿ ಅಮೆರಿಕದ ಸರಕು ಬಲು ದುಬಾರಿ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ತಂತ್ರಜ್ಞರೊಂದಿಗೆ ಸೇರಿ ಬಾಸ್‌ಮನ್‌ನ ಸರ್ಕಿಟ್ಟನ್ನೇ ಮಾದರಿಯಾಗಿ ಇಟ್ಟುಕೊಂಡು 1962ರಲ್ಲಿ ‘ಜೆಟಿಎಂ45’ ತಯಾರಿಸಿದ. ಕೆಲವೇ ಬದಲಾವಣೆಗಳು: ಮೊದಲ ವಾಲ್ವ್ ಹೆಚ್ಚು ವರ್ಧನೆಯ ಇಸಿಸಿ83 ಆಯಿತು, ಹಿಂಬದಿ ತೆರೆದ ಪೆಟ್ಟಿಗೆಯ ಬದಲು ಸುತ್ತ ಮುಚ್ಚಿದ ಪೆಟ್ಟಿಗೆ, ಅದರಲ್ಲಿ 12 ಇಂಚಿನ ನಾಲ್ಕು ಸೆಲೆಶನ್ ಸ್ಪೀಕರುಗಳು. ಇಷ್ಟರಿಂದಲೇ ಸ್ವರದ ಗುಣ ಬೇರೆಯಾಯಿತು. ರಾಕ್ ಸಂಗೀತದ ಗುರುತೇ ಆಗಿಹೋದ ಮಾರ್ಷಲ್ ನಾದ ಹುಟ್ಟಿದ್ದು ತಿದ್ದಿದ ನಕಲಿನಿಂದ.

ವಾಕ್ಸ್ ಕಂಪನಿಯ ‘ಎಸಿ30’ ಕಥೆಯೂ ಹೀಗೆಯೇ. ಸ್ವರಕ್ಕೆ ಇನ್ನಷ್ಟು ಹೊಳಪು ಬೇಕೆಂದು ವಾದಕರು ಕೇಳಿದಾಗ, ಆಗಲೇ ಮಾರಾಟವಾಗಿದ್ದ ಪೆಟ್ಟಿಗೆಗಳ ಹಿಂಬದಿಗೆ ‘ಟಾಪ್ ಬೂಸ್ಟ್’ ಎಂಬ ಹೆಚ್ಚುವರಿ ಸರ್ಕಿಟ್ ಜೋಡಿಸಿಕೊಡುತ್ತಿದ್ದರು. ಕೆಲವು ವರ್ಷಗಳಲ್ಲಿ ಅದು ಮೂಲ ವಿನ್ಯಾಸದಲ್ಲೇ ಸೇರಿತು. ಈಗ ಎಸಿ30 ಎಂದರೆ ಹೆಚ್ಚಿನವರ ಕಿವಿಗೆ ಬರುವುದು ಆ ಟಾಪ್ ಬೂಸ್ಟ್ ಸ್ವರವೇ. ಅತ್ತ ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದ ಕೊನೆಗೆ ರಾಂಡಲ್ ಸ್ಮಿತ್ ಎಂಬ ರಿಪೇರಿಗಾರ, ಫೆಂಡರಿನ ‘ಪ್ರಿನ್ಸ್‌ಟನ್’ ಎಂಬ ಪುಟ್ಟ ಪೆಟ್ಟಿಗೆಯೊಳಗೆ ಬಾಸ್‌ಮನ್ ಮಾದರಿಯ ಸರ್ಕಿಟ್ಟನ್ನೂ 12 ಇಂಚಿನ ಸ್ಪೀಕರನ್ನೂ ತುರುಕಿದ. ಕಾರ್ಲೋಸ್ ಸಾಂಟಾನಾ ಅದನ್ನು ನುಡಿಸಿ ಬೆರಗಾಗಿ ಆಡಿದ ಮಾತಿನಿಂದಲೇ ಅದಕ್ಕೆ ‘ಬೂಗಿ’ ಎಂಬ ಹೆಸರು ಬಂತೆಂದು ಪ್ರತೀತಿ. ಒಬ್ಬನ ತಿದ್ದುಪಡಿ ಮುಂದೆ ‘ಮೆಸಾ ಬೂಗಿ’ ಎಂಬ ಹೆಸರಾಂತ ತಯಾರಿಕೆಯಾಗಿ ಬೆಳೆಯಿತು.

ಸಂಖ್ಯೆಯ ಬೆಲೆ

ಹೀಗೆ ಕೈಯಿಂದ ಕೈಗೆ ಬದಲಾಗುತ್ತ ಬಂದ ವಸ್ತುವಿಗೆ ಸೀಮಿತ ಆವೃತ್ತಿಯ ಬಿರುದು ಅಂಟಿದ್ದು ನಂತರದ ಮಾತು. 1987ರಲ್ಲಿ ಮಾರ್ಷಲ್ ಕಂಪನಿ ಆಂಪ್ಲಿಫೈಯರ್ ತಯಾರಿಕೆಯ 25 ವರ್ಷಗಳನ್ನೂ ಜಿಮ್ ಮಾರ್ಷಲ್‌ನ ಸಂಗೀತ ಜೀವನದ 50 ವರ್ಷಗಳನ್ನೂ ಆಚರಿಸಲು ಬೆಳ್ಳಿ ಬಣ್ಣದ ಹೊದಿಕೆಯ ‘ಸಿಲ್ವರ್ ಜುಬಿಲಿ’ ಹೊರತಂದಿತು. ಮುಂದೆ ಅದೇ ಸರ್ಕಿಟ್ ಕಪ್ಪು ಹೊದಿಕೆಯಲ್ಲೂ ಬಂತು. 1996ರಲ್ಲಿ ಗನ್ಸ್ ಎನ್ ರೋಸಸ್ ತಂಡದ ಸ್ಲ್ಯಾಷ್‌ನ ಹೆಸರು ಹೊತ್ತು ಬಂತು. 2015ರಲ್ಲಿ ಜುಬಿಲಿ ಹೆಸರಿನಲ್ಲೇ ಮತ್ತೆ ಬಂತು. ‘ಸೀಮಿತ’ ಎಂಬ ಮಾತು ಕೆಲವು ಸಲ ಬಣ್ಣಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಇದಕ್ಕಿಂತ ಸ್ವಾರಸ್ಯದ ಪ್ರಸಂಗ 2010ರದು. ಇದೇ ಸ್ಲ್ಯಾಷ್ 1980ರ ದಶಕದಲ್ಲಿ ಲಾಸ್ ಏಂಜಲೀಸಿನ ವಾದ್ಯ ಬಾಡಿಗೆ ಅಂಗಡಿಯಿಂದ ತಂದು ನುಡಿಸಿದ್ದ ಮಾರ್ಷಲ್ ಪೆಟ್ಟಿಗೆಯ ಒಳಭಾಗವನ್ನು ಅಲ್ಲಿಯ ತಂತ್ರಜ್ಞರು ತಿದ್ದಿದ್ದರು. ಆ ತಿದ್ದಿದ ಸ್ವರವನ್ನು ಮತ್ತೆ ಹಿಡಿಯಲೆಂದು ಮಾರ್ಷಲ್ ಕಂಪನಿಯೇ ‘ಎಎಫ್‌ಡಿ100’ ಎಂಬ ಮಾದರಿ ರೂಪಿಸಿ 2,300 ಪೆಟ್ಟಿಗೆಗಳಿಗೆ ಸೀಮಿತಗೊಳಿಸಿತು. ಅಂದರೆ ಹಿಂದೊಮ್ಮೆ ಮೂಲದಿಂದ ದೂರ ಸರಿದದ್ದೇ ಈಗ ಸಂಖ್ಯೆ ಹೊತ್ತ ಮೂಲ!

ಎಲ್ಲ ಸೀಮಿತ ಆವೃತ್ತಿಗಳೂ ಇಷ್ಟು ಶ್ರಮದವಲ್ಲ. 1995ರಲ್ಲಿ ಬಂದ ಫೆಂಡರ್ ‘ಬ್ಲೂಸ್ ಜೂನಿಯರ್’ 15 ವಾಟಿನ ಪುಟ್ಟ ಪೆಟ್ಟಿಗೆ. ಮೂರು ಸಣ್ಣ ವಾಲ್ವ್, ಎರಡು ಇಎಲ್84 ವಾಲ್ವ್, 12 ಇಂಚಿನ ಒಂದು ಸ್ಪೀಕರ್. ಇದರ ಸೀಮಿತ ಆವೃತ್ತಿಗಳು ಹಲವಾರು ಬಂದಿವೆ. ಅವುಗಳಲ್ಲಿ ಬಹುಪಾಲು ಹೊದಿಕೆಯ ಬಣ್ಣ ಮತ್ತು ಸ್ಪೀಕರಿನಲ್ಲಿ ಮಾತ್ರ ಭಿನ್ನ, ಒಳಗಿನ ಸರ್ಕಿಟ್ ಸಾಮಾನ್ಯ ಮಾದರಿಯದೇ. ಹಾಗಾಗಿ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹೆಚ್ಚಿಗೆ ಕೊಡುವ ಹಣ ಯಾವುದಕ್ಕೆ? ಬಟ್ಟೆಗೋ, ಸ್ಪೀಕರಿಗೋ, ಸರ್ಕಿಟ್ಟಿಗೋ, ಅಥವಾ ಬರೀ ಸಂಖ್ಯೆಗೋ?

ಏನನ್ನು ಬದಲಿಸುತ್ತಾರೆ?

ತಿದ್ದುಪಡಿಗಳಲ್ಲಿ ಅತ್ಯಂತ ಸುಲಭವಾದದ್ದು, ಕಿವಿಗೆ ಬಹುಬೇಗ ತಿಳಿಯುವಂಥದ್ದು, ಸ್ಪೀಕರಿನ ಬದಲಾವಣೆ. ಕೆಲವು ಸ್ಕ್ರೂ, ಎರಡು ತಂತಿ, ಅಷ್ಟೇ. ಬೇಡವೆನಿಸಿದರೆ ಹಳೆಯದನ್ನೇ ಮತ್ತೆ ಕೂರಿಸಬಹುದು. ಹೊಸ ಸ್ಪೀಕರಿನ ಓಮ್ ಸಂಖ್ಯೆ ಆಂಪ್ಲಿಫೈಯರ್ ಕೇಳುವಷ್ಟೇ ಇರಬೇಕು, ಅದರ ವಾಟ್ ಸಾಮರ್ಥ್ಯ ಆಂಪ್ಲಿಫೈಯರಿನದಕ್ಕಿಂತ ಕಡಿಮೆಯಿರಬಾರದು.

ಎರಡನೆಯದು ವಾಲ್ವ್‌ಗಳದು. ಅವು ಹೇಗೂ ಸವೆಯುವ ಭಾಗಗಳು. ಸ್ಪೀಕರಿಗೆ ಶಕ್ತಿ ಒದಗಿಸುವ ವಾಲ್ವ್‌ಗಳು ಬೇಗ, ಮುಂದಿನ ಸಣ್ಣವು ನಿಧಾನವಾಗಿ. ಶಕ್ತಿ ವಾಲ್ವ್ ಬದಲಿಸಿದಾಗ ‘ಬಯಾಸ್’ ನೋಡಬೇಕಾಗುತ್ತದೆ. ಸ್ಕೂಟರ್ ನಿಂತಲ್ಲೇ ಓಡುತ್ತಿರುವಾಗ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ಮೆಕ್ಯಾನಿಕ್ ತಿರುಗಿಸಿ ಹೊಂದಿಸುತ್ತಾನಲ್ಲ, ಬಹುಮಟ್ಟಿಗೆ ಅದೇ ಕೆಲಸ. ಹೆಚ್ಚಾದರೆ ವಾಲ್ವ್ ಬೇಗ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಸ್ವರ ಬಡಕಲಾಗುತ್ತದೆ. ಬ್ಲೂಸ್ ಜೂನಿಯರಿನಲ್ಲಿ ಇದನ್ನು ಹೊಂದಿಸಲು ತಿರುಪು ಕೊಟ್ಟಿರಲಿಲ್ಲ. ಅದನ್ನು ಸೇರಿಸುವುದೇ ಆ ಪೆಟ್ಟಿಗೆಯ ಜನಪ್ರಿಯ ತಿದ್ದುಪಡಿಗಳಲ್ಲಿ ಒಂದಾಯಿತು.

ಮೂರನೆಯದು ನಿಜವಾದ ಶಸ್ತ್ರಚಿಕಿತ್ಸೆ: ಕೆಪಾಸಿಟರ್ ಬದಲಿಸಿ ಮಂದ್ರ–ತಾರ ಸ್ವರಗಳ ಸಮತೂಕ ತಿದ್ದುವುದು, ದೊಡ್ಡ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂರಿಸಿ ಕೆಳಸ್ವರಗಳನ್ನು ತುಂಬಿಸುವುದು. ಹಳೆಯ ಕೈಕೆಲಸದ ಪೆಟ್ಟಿಗೆಗಳಲ್ಲಿ ಭಾಗಗಳನ್ನು ಹಲವು ಸಲ ಬಿಚ್ಚಿ ಬೆಸೆಯಬಹುದು. ಈಚಿನ ಅಚ್ಚಿನ ಸರ್ಕಿಟ್ ಹಲಗೆಗಳಲ್ಲಿ ಬೆಸುಗೆಯ ಕಾವು ಹೆಚ್ಚಾದರೆ ತಾಮ್ರದ ಗೆರೆಯೇ ಮೇಲೆದ್ದು ಬರುತ್ತದೆ. ಉಕ್ಕಿನ ಚೌಕಟ್ಟಿಗೆ ಒಮ್ಮೆ ತೂತು ಕೊರೆದರಂತೂ ಅದು ಶಾಶ್ವತ.

ಜೀವಕ್ಕೆ ಸಂಬಂಧಿಸಿದ ಮಾತು

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ವಾಲ್ವ್ ಆಂಪ್ಲಿಫೈಯರಿನೊಳಗೆ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ ಇರುವುದು ಸಾಮಾನ್ಯ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು. ಅದನ್ನು ಸರಿಯಾಗಿ ಬರಿದು ಮಾಡಿ, ಮೀಟರಿನಲ್ಲಿ ಅಳೆದು ನೋಡದೆ ಕೈ ಹಾಕಿದರೆ ಪ್ರಾಣಕ್ಕೇ ಅಪಾಯ. ವಾಲ್ವ್ ಕೆಲಸ ಬಲ್ಲ ತಂತ್ರಜ್ಞರಿಗೆ ಕೊಡುವುದೇ ಕ್ಷೇಮ. ಸ್ಪೀಕರಿನ ತಂತಿ ಕಳಚಿಟ್ಟು ಆಂಪ್ಲಿಫೈಯರ್ ನುಡಿಸಬಾರದು; ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಅಮೆರಿಕದಿಂದ ತರಿಸಿದ ಪೆಟ್ಟಿಗೆಯಾದರೆ ಹಿಂಬದಿಯ ಬರಹ ಓದಿ. ಅಲ್ಲಿಯದು 120 ವೋಲ್ಟಿನ ವಿದ್ಯುತ್, ನಮ್ಮದು 230. ನೇರವಾಗಿ ನಮ್ಮ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಫ್ಯೂಸ್ ಹಾರುವುದಷ್ಟೇ ಅಲ್ಲ, ಒಳಗಿನ ಭಾಗಗಳೂ ಹಾಳಾದಾವು.

ವಾಲ್ವ್ ಪೂರೈಕೆಯೂ ಈಗ ತೆಳು. ಇಂದು ಗಿಟಾರ್ ವಾಲ್ವ್‌ಗಳ ತಯಾರಿಕೆ ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾಗಳ ಕೆಲವೇ ಕಾರ್ಖಾನೆಗಳಲ್ಲಿ ನಡೆಯುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧದ ಬೆನ್ನಿಗೇ ರಷ್ಯಾದ ರಫ್ತಿಗೆ ಅಡ್ಡಿಯಾದಾಗ ಜಗತ್ತಿನಾದ್ಯಂತ ವಾದಕರು ಗಾಬರಿಗೊಂಡಿದ್ದರು.

ಹಾಗಾದರೆ ಅಪರೂಪದ ಪೆಟ್ಟಿಗೆಯನ್ನು ತಿದ್ದಬೇಕೇ, ಬೇಡವೇ? ಮುಂದೆ ಮಾರುವ ಯೋಚನೆಯಿದ್ದರೆ ಮುಟ್ಟದಿರುವುದೇ ಲೇಸು, ಏಕೆಂದರೆ ಸಂಗ್ರಾಹಕರು ಬೆಲೆ ಕಟ್ಟುವುದು ತಯಾರಕನ ಕೈಯಿಂದ ಬಂದಂತೆಯೇ ಉಳಿದಿರುವುದಕ್ಕೆ. ನುಡಿಸಲೆಂದು ಕೊಂಡದ್ದಾದರೆ ಸಂಕೋಚಪಡಬೇಕಾಗಿಲ್ಲ. ಮಾರ್ಷಲ್, ವಾಕ್ಸ್, ಬೂಗಿಗಳು ಹುಟ್ಟಿದ್ದೇ ಯಾರೋ ಇದ್ದದ್ದಕ್ಕೆ ತೃಪ್ತರಾಗದೆ ಕೈ ಹಾಕಿದ್ದರಿಂದ. ನಾದವೇ ಮುಖ್ಯವಾದವರಿಗೆ ಆ ಹಕ್ಕು ಇಂದಿಗೂ ಉಂಟು. ಆದರೆ ತೂತು ಕೊರೆಯದ, ಮರಳಿ ಸರಿಮಾಡಬಹುದಾದ ತಿದ್ದುಪಡಿಯಿಂದ ಆರಂಭಿಸುವುದು ಜಾಣತನ.

ಅನುಭವಸ್ಥ ತಂತ್ರಜ್ಞರಲ್ಲಿ ಒಂದು ಒಳ್ಳೆಯ ರೂಢಿಯಿದೆ. ಬಿಚ್ಚಿ ತೆಗೆದ ಮೂಲ ಭಾಗಗಳನ್ನು ಎಸೆಯದೆ ಒಂದು ಪೊಟ್ಟಣದಲ್ಲಿ ಕಟ್ಟಿ, ಯಾವ ದಿನ ಏನನ್ನು ತೆಗೆದು ಏನನ್ನು ಹಾಕಿದೆವು ಎಂದು ಚೀಟಿ ಬರೆದು ಮಾಲೀಕರ ಕೈಗೆ ಕೊಡುತ್ತಾರೆ. ನಾಳೆ ಆ ಆಂಪ್ಲಿಫೈಯರ್ ಯಾರ ಮನೆ ಸೇರಿದರೂ, ಹಳೆಯ ಸ್ವರ ಬೇಕೋ ಹೊಸದು ಬೇಕೋ ಎಂಬುದನ್ನು ಅವರೇ ನುಡಿಸಿ ನೋಡಿ ತೀರ್ಮಾನಿಸಬಹುದು.