ಬೋಟು, ರೇಟು, ಸೈಟು: ಕರಾವಳಿಯಲ್ಲಿ ಪ್ರಾಸಕ್ಕೆ ಸಿಕ್ಕ ಇಂಗ್ಲಿಷು

ಕುಮಟೆಯ ಹೋಟೆಲಿನಲ್ಲಿ ಊಟವಾದ ಮೇಲೆ ಮಾಣಿ ತಂದಿಡುವುದೂ ಬಿಲ್ಲು, ಹೊನ್ನಾವರದ ಗುಣವಂತೆಯ ರಂಗದಲ್ಲಿ ಅರ್ಜುನ ಹೆದೆಯೇರಿಸುವುದೂ ಬಿಲ್ಲು. ಒಂದು ಇಂಗ್ಲಿಷಿನಿಂದ ಬಂದದ್ದು, ಇನ್ನೊಂದು ಹಳಗನ್ನಡದಿಂದ ಇಳಿದದ್ದು. ಕಿವಿಗೆ ಎರಡೂ ಒಂದೇ.

ಇದರ ಹಿಂದೆ ಕನ್ನಡದ ಒಂದು ಗಟ್ಟಿ ನಿಯಮವಿದೆ. ಕಲ್, ಬಿಲ್, ಕಣ್, ಮಣ್ ಎಂದು ವ್ಯಂಜನದಲ್ಲೇ ನಿಲ್ಲುತ್ತಿದ್ದ ಹಳಗನ್ನಡದ ಶಬ್ದಗಳು ಮುಂದೆ ಕಲ್ಲು, ಬಿಲ್ಲು, ಕಣ್ಣು, ಮಣ್ಣು ಆದವು. ಮೊದಲ ಸ್ವರ ಹ್ರಸ್ವವಾಗಿದ್ದರೆ ಕೊನೆಯ ವ್ಯಂಜನ ಇಮ್ಮಡಿಸಿ ಉಕಾರ ಸೇರಿತು. ದೀರ್ಘವಾಗಿದ್ದರೆ ಬರಿಯ ಉಕಾರ ಬಂದು ಕಾಲ್ ಕಾಲು ಆಯಿತು, ಪಾಲ್ ಹಾಲು ಆಯಿತು. ನೂರಾರು ವರ್ಷಗಳ ಮೇಲೆ ಹಡಗು ಹತ್ತಿ ಬಂದ ಇಂಗ್ಲಿಷ್ ಶಬ್ದಗಳಿಗೂ ನಮ್ಮ ನಾಲಿಗೆ ಅದೇ ನಿಯಮ ಹಚ್ಚಿತು. ಬಸ್ ಬಸ್ಸಾಯಿತು, ಮಿಲ್ ಮಿಲ್ಲಾಯಿತು. ಬೋಟ್ ‘ಬೋಟು’ ಆಗಿ ನಿಂತಿತು. ಬೋಟು ಎಂದು ಹೇಳುವವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ತಿಳಿಯುವುದು ತಪ್ಪು. ಅವರು ಕನ್ನಡ ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ.

ಪ್ರಾಸದ ವಿಷಯ ಇನ್ನೂ ಸೊಗಸು. ಇಂಗ್ಲಿಷ್ ಶಾಲೆಯಲ್ಲಿ ಮಕ್ಕಳಿಗೆ ಕ್ಯಾಟ್, ಬ್ಯಾಟ್, ಮ್ಯಾಟ್ ಎಂದು ಪ್ರಾಸ ಕಲಿಸುತ್ತಾರೆ. ಆ ಲೆಕ್ಕದಲ್ಲಿ ಬೋಟಿಗೂ ರೇಟಿಗೂ ಪ್ರಾಸವಿಲ್ಲ, ಸೀಟಿಗೂ ಸೈಟಿಗೂ ಇಲ್ಲ. ನಮ್ಮ ಛಂದಸ್ಸು ನೋಡುವುದು ಎರಡನೆಯ ಅಕ್ಷರದ ವ್ಯಂಜನವನ್ನು. ಅದರ ಹಿಂದೆ ದೀರ್ಘವಿದ್ದರೆ ಗಜಪ್ರಾಸ, ವ್ಯಂಜನ ಇಮ್ಮಡಿಸಿದ್ದರೆ ಹಯಪ್ರಾಸ. ಹಾಗಾಗಿ ಬೋಟು, ರೇಟು, ಸೀಟು, ಗೇಟು, ಸೈಟು ಎಲ್ಲವೂ ಒಂದೇ ಗಜಪ್ರಾಸದ ಬಂಧುಗಳು. ಸೆಟ್ಟು, ಫಿಟ್ಟು, ಕಟ್ಟು ಹಯಪ್ರಾಸದವು. ಇಂಗ್ಲಿಷಿನಲ್ಲಿ ನಂಟೇ ಇಲ್ಲದವು ಇಲ್ಲಿ ನೆಂಟರಾದವು.

ರೂಪ ಬದಲಾದ ಮೇಲೆ ಅರ್ಥವೂ ತನ್ನ ದಾರಿ ಹಿಡಿಯಿತು. ಭಟ್ಕಳದಿಂದ ಹೊನ್ನಾವರಕ್ಕೆ ಹೊರಟ ಬಸ್ಸಿನಲ್ಲಿ ಕಂಡಕ್ಟರು ‘ರೈಟ್’ ಎಂದರೆ ಸರಿ ಎಂದೂ ಅಲ್ಲ, ಬಲಗಡೆ ಎಂದೂ ಅಲ್ಲ, ಹೊರಡು ಎಂದು. ಬ್ರಿಟಿಷ್ ರೈಲಿನ ಗಾರ್ಡುಗಳು ಗಾಡಿ ಬಿಡುವಾಗ ಹೇಳುತ್ತಿದ್ದ ‘ರೈಟ್ ಅವೇ’ಯ ಬಳಗದ್ದು ಅದು. ಇಂಗ್ಲಿಷಿನಲ್ಲಿ ಸೈಟು ಎಂದರೆ ಯಾವುದೇ ಸ್ಥಳ, ನಮ್ಮಲ್ಲಿ ಮನೆ ಕಟ್ಟುವ ನಿವೇಶನ ಮಾತ್ರ. ಸೀಟು ಎಂದಾಗ ಮೇ ತಿಂಗಳಾದರೆ ತಂದೆತಾಯಿಗೆ ಕುರ್ಚಿ ನೆನಪಾಗುವುದಿಲ್ಲ, ಕಾಲೇಜು ನೆನಪಾಗುತ್ತದೆ. ಒಂದು ಚಹಾವನ್ನು ಇಬ್ಬರಿಗೆ ಹಂಚುವ ‘ಬೈಟು’ ಎರಡು ಇಂಗ್ಲಿಷ್ ಶಬ್ದ ಸೇರಿ ಹುಟ್ಟಿದ್ದು. ಇಂಗ್ಲೆಂಡಿನ ಹೋಟೆಲಿನಲ್ಲಿ ಕೇಳಿದರೆ ಯಾರಿಗೂ ತಿಳಿಯದು. ಕುಡಿದವನನ್ನು ‘ಟೈಟು’ ಎನ್ನುವುದು ಮಾತ್ರ ನಮ್ಮ ಸೃಷ್ಟಿಯಲ್ಲ. ಆ ಅರ್ಥ ಇಂಗ್ಲಿಷ್ ನಿಘಂಟುಗಳಲ್ಲೇ ಆಡುಮಾತು ಎಂಬ ಗುರುತಿನೊಡನೆ ಇದೆ.

ಕೆಲವು ಕಡೆ ಬಂದವರೂ ಇದ್ದವರೂ ಡಿಕ್ಕಿ ಹೊಡೆಯುತ್ತಾರೆ. ಬೋಟಿನ ಮೇಲಿಂದ ಯಾರೋ ‘ಹಗ್ಗ ಕಟ್ಟಾಯ್ತು’ ಎಂದು ಕೂಗಿದರು ಎನ್ನಿ. ಹಗ್ಗ ಕಟ್ಟಿ ಆಯಿತೋ, ತುಂಡಾಗಿ ಹೋಯಿತೋ? ಇಂಗ್ಲಿಷಿನ ಕತ್ತರಿಸುವ ‘ಕಟ್’ ಮತ್ತು ಕನ್ನಡದ ಬಿಗಿಯುವ ‘ಕಟ್ಟು’ ಒಂದಕ್ಕೊಂದು ಪೂರ್ತಿ ವಿರುದ್ಧ. ಆದರೂ ಕೆಲಸ ಕೆಡುವುದಿಲ್ಲ. ಕೂಗಿದ ದನಿಯಲ್ಲೇ ಅರ್ಥ ತಿಳಿಯುತ್ತದೆ.

ಇಂಥ ಆಡುಮಾತನ್ನು ನಿಘಂಟಿಗೆ ಸೇರಿಸಿದರೆ ಭಾಷೆ ಕೆಡುತ್ತದೆ ಎನ್ನುವವರು ಭಾರತದಲ್ಲಿದ್ದ ಬ್ರಿಟಿಷರ ಆಡುಮಾತಿನ ‘ಹಾಬ್ಸನ್-ಜಾಬ್ಸನ್’ ಕೋಶವನ್ನು ತೆರೆಯಬೇಕು. ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ ಹೆಸರಿನಲ್ಲಿ 1886ರಲ್ಲಿ ಬಂದ ಈ ಕೋಶದ ಹೆಸರೇ ಪ್ರಾಸದ ಜೋಡಿ. ಮೊಹರಮ್ಮಿನ ‘ಯಾ ಹಸನ್, ಯಾ ಹುಸೇನ್’ ಕೂಗು ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಪಡೆದ ರೂಪ. ಬರ್ನೆಲ್ ನಮ್ಮ ಕರಾವಳಿ ಬಲ್ಲವನು. ದಕ್ಷಿಣ ಭಾರತದ ಲಿಪಿಗಳ ಮೇಲಿನ ಅವನ ಗ್ರಂಥ 1874ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಆ ಕೋಶದಲ್ಲಿ ಭಟ್ಕಳ ‘ಬಟ್ಕಲ್’ ಆಗಿದೆ, ಹೊನ್ನಾವರ ‘ಒನೋರ್’ ಆಗಿದೆ. ಕುಮಟೆಯದು ಬೇರೆ ಕತೆ. ಧಾರವಾಡ ಸೀಮೆಯ ಹತ್ತಿ ಕುಮಟೆ ಬಂದರಿನಿಂದ ಸಾಗುತ್ತಿದ್ದುದರಿಂದ 19ನೆಯ ಶತಮಾನದ ಹತ್ತಿ ವ್ಯಾಪಾರದಲ್ಲಿ ಊರಿನ ಹೆಸರು ಹತ್ತಿಯ ತಳಿಗೇ ಅಂಟಿತು. ನಮ್ಮ ಶಬ್ದಗಳನ್ನು ತಾವು ತಿರುಚಿದ್ದನ್ನು ಬ್ರಿಟಿಷರು ಸಂಕೋಚವಿಲ್ಲದೆ ದಾಖಲಿಸಿದರು. ಅವರ ಶಬ್ದಗಳನ್ನು ನಾವು ಪಳಗಿಸಿದ್ದಕ್ಕೆ ನಮಗೇಕೆ ಸಂಕೋಚ?

ಶುದ್ಧ ಕನ್ನಡಕ್ಕೆ ಇದರಿಂದ ಕುತ್ತು ಎಂಬ ಅಂಜಿಕೆಯೂ ಬೇಡ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಹೊನ್ನಾವರ ಸೀಮೆಯಿದು. ಯಕ್ಷಗಾನದ ಅರ್ಥಗಾರಿಕೆಯಲ್ಲಿ ಒಂದೇ ಒಂದು ಇಂಗ್ಲಿಷ್ ಶಬ್ದ ನುಸುಳಿದರೂ ಅದನ್ನು ದೋಷವೆಂದೇ ಎಣಿಸುತ್ತಾರೆ. ಹಗಲು ರೇಟು, ಲೋಡು ಎಂದು ವ್ಯಾಪಾರ ಮಾಡಿದ ಬಾಯಿ ರಾತ್ರಿ ತಾಳಮದ್ದಳೆಗೆ ಕೂತರೆ ತಾಸುಗಟ್ಟಲೆ ಅಚ್ಚ ಕನ್ನಡದಲ್ಲಿ ವಾದಿಸುತ್ತದೆ. ಯಾವ ಮಾತು ಎಲ್ಲಿಗೆ ಎಂಬುದು ಇಲ್ಲಿನ ಜನಕ್ಕೆ ಚೆನ್ನಾಗಿ ಗೊತ್ತು.

ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗೇ ಒಂದು ಕೋಶ ಮಾಡಿಕೊಟ್ಟರು. ಆ ಕೆಲಸ ಊರೂರಿನ ಬಂದರಕ್ಕೂ ಇಳಿಯಬೇಕು. ಹೊನ್ನಾವರದ ಎಸ್.ಡಿ.ಎಂ., ಕುಮಟೆಯ ಬಾಳಿಗಾ, ಭಟ್ಕಳದ ಅಂಜುಮನ್ ಕಾಲೇಜುಗಳ ವಿದ್ಯಾರ್ಥಿಗಳು ತದಡಿಯಲ್ಲಿ, ಕಾಸರಕೋಡಿನಲ್ಲಿ, ಭಟ್ಕಳ ಬಂದರದಲ್ಲಿ ಕೂತು ಕೊಂಕಣಿ, ನವಾಯತಿ, ಕನ್ನಡ ಆಡುವವರ ಬಾಯಲ್ಲಿ ಒಂದೊಂದು ಶಬ್ದ ಏನಾಗಿದೆ ಎಂದು ಬರೆದುಕೊಳ್ಳಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ. ಬಲೆ ಹೊಲಿಯುತ್ತ ಕೂತವರಿಗೆ ಮಾತಾಡಲು ಆಗ ಬಿಡುವಿರುತ್ತದೆ.