ತೊಡಕಿನ ಬಸಿರಿನ ಬಳಿಕ ಮನೆ ಹೆರಿಗೆ: ಲೆಕ್ಕ ಹಾಕಬೇಕಾದುದು ನಿಮಿಷಗಳನ್ನು

ಕಲಬುರಗಿ: ಕುಬಸದ ಶಾಸ್ತ್ರ ಮುಗಿಯಿತೆಂದರೆ ಮಗಳು ತವರಿಗೆ ಬರುವುದು ಈ ಭಾಗದಲ್ಲಿ ಇಂದಿಗೂ ಉಳಿದುಬಂದಿರುವ ರೂಢಿ. ಗಂಡನ ಮನೆ ಬೆಂಗಳೂರಿನಲ್ಲಿರಲಿ, ಪುಣೆ, ಹೈದರಾಬಾದುಗಳಲ್ಲಿರಲಿ, ಬಾಣಂತನ ಮಾತ್ರ ಹೆತ್ತವಳ ಕೈಯಲ್ಲಿಯೇ ಆಗಬೇಕು. ಕಲಬುರಗಿ ನಗರದ ಸಮೀಪದ ನಂದೂರಿನಿಂದ ಹಿಡಿದು ಕಮಲಾಪುರದ ಒಳ ಹಳ್ಳಿಗಳವರೆಗೆ ಇದಕ್ಕೆ ಹೊರತಾದ ಊರು ಸಿಗುವುದು ವಿರಳ. ಹೀಗೆ ಬರುವ ಮಗಳು ಎರಡನೆಯ ಅಥವಾ ಮೂರನೆಯ ಬಸಿರಿನವಳಾಗಿದ್ದು, ಹಿಂದಿನ ಹೆರಿಗೆ ಆಸ್ಪತ್ರೆಯಲ್ಲಿ ಕಹಿ ಅನುಭವವಾಗಿ ಉಳಿದಿದ್ದರೆ, ಆಕೆಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಈ ಬಾರಿ ಮನೆಯಲ್ಲಿಯೇ ಏಕೆ ಹೆರಬಾರದು?

ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಹಿಂದಿನ ತಲೆಮಾರಿನ ಬಹುಪಾಲು ಜನ ಹುಟ್ಟಿದ್ದು ಮನೆಯಲ್ಲಿಯೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ಪ್ರತಿ ನೂರು ಹೆರಿಗೆಗಳಲ್ಲಿ ಸುಮಾರು 65 ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಐದನೆಯ ಸಮೀಕ್ಷೆಯ ವೇಳೆಗೆ ಈ ಸಂಖ್ಯೆ 97ಕ್ಕೆ ಏರಿತ್ತು. ಮನೆಯಲ್ಲಿ ಹೆರುವುದು ಕಾನೂನಿನ ಪ್ರಕಾರ ಅಪರಾಧವೂ ಅಲ್ಲ. ಪ್ರಶ್ನೆ ಇರುವುದು ಬೇರೆಡೆ. ಮನೆ ಹೆರಿಗೆ ಸುರಕ್ಷಿತವೆಂದು ಹೇಳುವಾಗ ಮುಂದಿಡುವ ಸಾಕ್ಷ್ಯ ಯಾವ ಹೆಂಗಸರದು?

ಸಾಕ್ಷ್ಯ ಯಾರ ಕುರಿತಾದದ್ದು?

ಮನೆ ಹೆರಿಗೆಯ ಪರವಾಗಿ ಹೆಚ್ಚಾಗಿ ಉಲ್ಲೇಖವಾಗುವುದು ಇಂಗ್ಲೆಂಡಿನ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ. ಈಗಾಗಲೇ ಒಮ್ಮೆ ಹೆತ್ತಿರುವ ಹೆಂಗಸರ ವಿಷಯದಲ್ಲಿ, ಮನೆಯಲ್ಲಿ ಹೆತ್ತರೂ ಆಸ್ಪತ್ರೆಯಲ್ಲಿ ಹೆತ್ತರೂ ಮಗುವಿನ ಅಪಾಯದಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ಅದು ಕಂಡುಕೊಂಡಿತು. ಆದರೆ ಆ ತೀರ್ಮಾನ ತೊಡಕಿಲ್ಲದ, ಕಡಿಮೆ ಅಪಾಯದ ಬಸಿರುಗಳಿಗೆ ಸಂಬಂಧಿಸಿದ್ದು. ಅಲ್ಲಿ ಹೆರಿಗೆ ಮಾಡಿಸಿದವರು ಸರ್ಕಾರಿ ವ್ಯವಸ್ಥೆಯೊಳಗಿನ ತರಬೇತಾದ ಸೂಲಗಿತ್ತಿಯರು, ಅವರ ಬೆನ್ನಿಗೆ ಆಂಬುಲೆನ್ಸೂ ಆಸ್ಪತ್ರೆಯೂ ಇದ್ದವು. ಇಷ್ಟಿದ್ದರೂ ಹಿಂದೆ ಹೆತ್ತಿದ್ದ ಪ್ರತಿ ನೂರು ಹೆಂಗಸರಲ್ಲಿ ಸುಮಾರು 12 ಮಂದಿಯನ್ನು ಹೆರಿಗೆಯ ನಡುವೆಯೋ ಹೆರಿಗೆ ಮುಗಿದ ಕೂಡಲೋ ಆಸ್ಪತ್ರೆಗೆ ಸಾಗಿಸಬೇಕಾಯಿತು.

ಇಂಗ್ಲೆಂಡಿನವರೆಗೆ ಹೋಗುವ ಅಗತ್ಯವೂ ಇಲ್ಲ. ಜಗತ್ತಿನ ವೈದ್ಯಲೋಕ ಗಮನಿಸಿದ ಒಂದು ಅಧ್ಯಯನ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆದಿದೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರೂ ಪಾಲ್ಗೊಂಡಿದ್ದ ಆ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯಲ್ಲಿ ಇಲ್ಲವೇ ಉಪಕೇಂದ್ರದಲ್ಲಿ ಹೆತ್ತ 1,620 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ, ಮಗು ಹುಟ್ಟಿದ ಕೂಡಲೇ ಆರೋಗ್ಯ ಸಹಾಯಕಿಯರು ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಮಾತ್ರೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಮಾತ್ರೆ ನುಂಗಿದವರಲ್ಲಿ ಅದು 6.4ಕ್ಕೆ ಇಳಿಯಿತು. ಮನೆಯಲ್ಲಿ ಹೆರುವವರ ಜೀವ ಉಳಿಸಲು ಏನು ಮಾಡಬಹುದೆಂಬುದಕ್ಕೆ ಇದು ನಿಜಕ್ಕೂ ದೊಡ್ಡ ಉತ್ತರ. ಆದರೆ ಅಧಿಕ ಅಪಾಯದ ಗರ್ಭಿಣಿಯರನ್ನು, ಮನೆ ಹೆರಿಗೆಗೆ ತಕ್ಕವರಲ್ಲವೆಂಬ ಕಾರಣಕ್ಕೆ, ಆ ಅಧ್ಯಯನವೂ ಸೇರಿಸಿಕೊಂಡಿರಲಿಲ್ಲ.

ಹೀಗಾಗಿ ಹಿಂದಿನ ಬಸಿರಿನಲ್ಲಿ ತೊಡಕು ಕಂಡ ಹೆಣ್ಣುಮಗಳಿಗೆ ಈ ಅಂಕಿಗಳು ಅನ್ವಯಿಸುವುದಿಲ್ಲ. ಪಕ್ಕದ ಮನೆಯವಳು ಸಲೀಸಾಗಿ ಮನೆಯಲ್ಲಿ ಹೆತ್ತಳೆಂಬ ಮಾತಂತೂ ಅನ್ವಯಿಸುವುದೇ ಇಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಗೌರವ ಪಡೆದರು, ಅದೇ ವರ್ಷದ ಡಿಸೆಂಬರ್ 25ರಂದು ನಿಧನರಾದರು. ಅವರಂಥವರ ಕೈಗುಣವನ್ನು ಅಲ್ಲಗಳೆಯುವ ಧೈರ್ಯ ಯಾರಿಗಿದೆ? ಆದರೆ ಎಂಥ ಪಳಗಿದ ಕೈಯೂ ರಕ್ತದ ಬಾಟಲಿಗೆ ಬದಲಿಯಾಗಲಾರದು.

ಹಳೆಯ ಹೊಲಿಗೆ, ಹಳೆಯ ನಂಜು

ತೊಡಕುಗಳೆಲ್ಲ ಒಂದೇ ತೆರನಾದವಲ್ಲ. ಇಂದು ಅತ್ಯಂತ ಸಾಮಾನ್ಯವಾದದ್ದು ಸಿಸೇರಿಯನ್. ಐದನೆಯ ಸಮೀಕ್ಷೆಯಂತೆ ರಾಜ್ಯದ ನೂರು ಹೆರಿಗೆಗಳಲ್ಲಿ 31.5 ಸಿಸೇರಿಯನ್. ಅರ್ಥಾತ್, ಹೆತ್ತ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬಳು ಮುಂದಿನ ಬಸಿರಿಗೆ ಹೊಲಿಗೆ ಬಿದ್ದ ಗರ್ಭಕೋಶವನ್ನು ಹೊತ್ತೇ ಬರುತ್ತಾಳೆ. ಒಮ್ಮೆ ಸಿಸೇರಿಯನ್ ಆದರೆ ಮತ್ತೆಯೂ ಸಿಸೇರಿಯನ್ನೇ ಎಂಬುದು ಪೂರ್ಣ ಸತ್ಯವಲ್ಲ. ಸಹಜ ಹೆರಿಗೆಗೆ ಪ್ರಯತ್ನಿಸುವ ಅರ್ಹ ಹೆಂಗಸರಲ್ಲಿ ನಾಲ್ವರಲ್ಲಿ ಮೂವರಷ್ಟು ಮಂದಿ ಸಫಲರಾಗುತ್ತಾರೆ. ಆದರೆ ಸುಮಾರು ಇನ್ನೂರರಲ್ಲಿ ಒಬ್ಬಳಿಗೆ, ನೋವಿನ ನಡುವೆ ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿರಿಯುತ್ತದೆ. ಆಗ ಮಗುವನ್ನು ಸುಮಾರು ಇಪ್ಪತ್ತು ನಿಮಿಷದೊಳಗೆ ಹೊರತೆಗೆಯಬೇಕು, ಇಲ್ಲವಾದರೆ ಮಿದುಳಿಗೆ ಹಾನಿ ಇಲ್ಲವೇ ಸಾವು. ಇನ್ನೂರರಲ್ಲಿ ಒಂದು ಎಂಬುದು ಸಣ್ಣ ಸಂಖ್ಯೆಯಂತೆ ತೋರಬಹುದು. ಶಸ್ತ್ರಕೊಠಡಿ ಪಕ್ಕದಲ್ಲಿದ್ದಾಗ ಅದು ಸಣ್ಣದೇ. ನಂದೂರಿನ ಮನೆಯೊಳಗೆ, ರಾತ್ರಿ ಎರಡು ಗಂಟೆಗೆ, ಅದು ಸಣ್ಣದಲ್ಲ.

ಹೊಟ್ಟೆಯ ಮೇಲಿನ ಗೀರನ್ನು ನೋಡಿ ಒಳಗಿನ ಕೊಯ್ತವನ್ನು ಊಹಿಸಲಾಗದೆಂಬುದೂ ತಿಳಿದಿರಬೇಕು. ಚರ್ಮದ ಮೇಲೆ ಅಡ್ಡಗೀರಿದ್ದರೂ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರುವ ಸಾಧ್ಯತೆ ಉಂಟು. ಅಂಥವರಿಗೆ ನೋವು ತಿನ್ನುವ ಪ್ರಯತ್ನವೇ ಸಲ್ಲದು. ಅದು ಗೊತ್ತಾಗುವುದು ಹಿಂದಿನ ಆಸ್ಪತ್ರೆಯ ಬಿಡುಗಡೆ ಪತ್ರದಿಂದ ಮಾತ್ರ. ಇನ್ನೊಂದು ಅಪಾಯ, ಊರಿನಲ್ಲಿ ಯಾರನ್ನೋ ಕರೆಸಿ ‘ನೋವು ಬರಿಸುವ ಸೂಜಿ’ ಹಾಕಿಸುವುದು. ಮಗು ಹುಟ್ಟಿದ ಬಳಿಕ ಜೀವ ಉಳಿಸುವ ಆಕ್ಸಿಟೋಸಿನ್, ಹುಟ್ಟುವ ಮುನ್ನ ಅಳತೆಯಿಲ್ಲದೆ ಚುಚ್ಚಿದರೆ ಹೊಲಿಗೆಯ ಗರ್ಭಕೋಶವನ್ನು ಒಡೆಯಬಲ್ಲದು.

ಹಿಂದಿನ ಹೆರಿಗೆಯಲ್ಲಿ ಅತಿ ರಕ್ತಸ್ರಾವವಾಗಿದ್ದವರಿಗೆ ಅದು ಮರುಕಳಿಸುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ತುಂಬು ಬಸಿರಿನಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತದೆ. ಕಸ ಬಿದ್ದ ಮೇಲೆ ಅದು ಬಿಗಿಯದಿದ್ದರೆ ಎರಡು ಗಂಟೆಯೊಳಗೆ ತಾಯಿಯ ಜೀವ ಹೋಗಬಹುದು. ಸೀರೆಗೆ, ನೆಲಕ್ಕೆ ಹೀರಿಹೋದ ರಕ್ತವನ್ನು ಕಣ್ಣಳತೆಯಲ್ಲಿ ಎಣಿಸುವವರು, ಅವರು ವೈದ್ಯರೇ ಆಗಿರಲಿ, ಸಾಮಾನ್ಯವಾಗಿ ಕಡಿಮೆ ಎಣಿಸುತ್ತಾರೆ. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಳತೆ ಗೆರೆಗಳುಳ್ಳ ಚೀಲದಲ್ಲಿ ರಕ್ತ ಹಿಡಿದು, ಹೆಚ್ಚಾಯಿತೆಂದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವದ ಅನಾಹುತಗಳು ಶೇ. 60ರಷ್ಟು ತಗ್ಗಿದವು. ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿ ರಕ್ತಹೀನತೆಯುಳ್ಳವರು ಎಂಬುದನ್ನು ಇದರ ಜತೆಗಿಟ್ಟು ನೋಡಬೇಕು. ಮೈಯಲ್ಲಿ ರಕ್ತವೇ ಕಡಿಮೆಯಿದ್ದವಳು ಅಲ್ಪ ಸ್ರಾವವನ್ನೂ ತಾಳಲಾರಳು.

ರಕ್ತದೊತ್ತಡ ಏರಿ ಗರ್ಭನಂಜಾಗಿದ್ದವರ ಕಥೆ ಬೇರೆ. ಅವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಅದು ಮರಳಿ ಬರುತ್ತದೆ. ಇವರಿಗೆ ವೈದ್ಯರು ಮೂರನೆಯ ತಿಂಗಳ ಕೊನೆಯಿಂದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಸೂಚಿಸುವುದುಂಟು. ತವರಿಗೆ ಬರುವ ಏಳನೆಯ ತಿಂಗಳಿಗೆ ಆ ಅವಕಾಶ ಕಳೆದಿರುತ್ತದೆ.

ಬೇಡಿಕೆ ಅನ್ಯಾಯದ್ದಲ್ಲ

ಇಷ್ಟೆಲ್ಲ ಹೇಳಿದ ಮೇಲೂ ಆಸ್ಪತ್ರೆಯೆಂದರೆ ಸುರಕ್ಷೆ ಎಂದು ಕಣ್ಣು ಮುಚ್ಚಿ ಬರೆಯುವಂತಿಲ್ಲ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ, ಆಧಾರ್ ಮತ್ತು ತಾಯಿ ಕಾರ್ಡ್ ಇಲ್ಲವೆಂದು ಜಿಲ್ಲಾಸ್ಪತ್ರೆಯಿಂದ ಹಿಂದಿರುಗಿಸಲಾದ ಗರ್ಭಿಣಿಯೊಬ್ಬರು ಮನೆಯಲ್ಲಿ ಅವಳಿ ಮಕ್ಕಳನ್ನು ಹೆತ್ತು, ಮೂವರೂ ಅಸುನೀಗಿದರು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಮೃತಪಟ್ಟಾಗ ಸಂಶಯ ಸಲೈನ್ ದ್ರಾವಣದ ಗುಣಮಟ್ಟದತ್ತ ತಿರುಗಿತು. ಇಂಥ ಸುದ್ದಿ ಓದಿದ ಮನೆಯವರು ಹಿಂಜರಿದರೆ ತಪ್ಪೆಣಿಸುವುದು ಹೇಗೆ?

ಇನ್ನೊಂದು ಬದಿಯೂ ಇದೆ. 2018ರ ಜುಲೈನಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ವೀಡಿಯೊ ನೋಡಿಕೊಂಡು ಮನೆಯಲ್ಲಿ ಹೆರಿಗೆ ಮಾಡಿಸಲು ಹೋಗಿ ಶಿಕ್ಷಕಿಯೊಬ್ಬರು ಜೀವ ತೆತ್ತರು. 2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂನಲ್ಲಿ ಐದನೆಯ ಮಗುವನ್ನು ಮನೆಯಲ್ಲಿ ಹೆತ್ತ ಮಹಿಳೆ ಮೃತಪಟ್ಟು, ಪತಿಯ ಬಂಧನವಾಯಿತು. ಹಿಂದೆ ಹಲವು ಬಾರಿ ಹೆತ್ತಿದ್ದಾಳೆಂಬುದು ಭರವಸೆಯಲ್ಲ. ನಾಲ್ಕಾರು ಹೆರಿಗೆಯ ನಂತರ ಗರ್ಭಕೋಶ ಬಿಗಿಯುವ ಶಕ್ತಿ ಕುಂದುತ್ತದೆ.

ಹೆಣ್ಣುಮಕ್ಕಳು ಮನೆಯಲ್ಲಿ ಬಯಸುವುದಾದರೂ ಏನು? ಪಕ್ಕದಲ್ಲಿ ತಾಯಿ, ಓಡಾಡುವ ಸ್ವಾತಂತ್ರ್ಯ, ಬೈಗುಳವಿಲ್ಲದ ಮಾತು, ತನಗೊಪ್ಪುವ ಭಂಗಿಯಲ್ಲಿ ಹೆರುವ ಅವಕಾಶ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇವನ್ನೆಲ್ಲ ಉತ್ತಮ ಹೆರಿಗೆ ಆರೈಕೆಯ ಭಾಗವೆಂದೇ ಹೇಳಿದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೊಠಡಿಯಲ್ಲಿ ಸಂಬಂಧಿ ಮಹಿಳೆಯೊಬ್ಬರು ಜತೆಗಿರಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿಯೇ ಅನುಮತಿ ನೀಡಿದೆ. ಬಾಗಿಲಲ್ಲಿ ತಡೆದರೆ ಕೇಳುವ ಹಕ್ಕು ಕುಟುಂಬಕ್ಕಿದೆ. ಮುಂಚಿತವಾಗಿ ಕೇಳಿದರೆ ಇನ್ನೂ ಒಳ್ಳೆಯದು.

ತವರಿನಲ್ಲಿ ಆಗಬೇಕಾದ ಸಿದ್ಧತೆ

ಹಾಗಾದರೆ ತವರಿನವರಿಗೆ ಕೆಲಸವಿಲ್ಲವೇ? ಬೇಕಾದಷ್ಟಿದೆ. ಕುಬಸದ ಸೀರೆಯ ಜತೆಗೆ ಹಿಂದಿನ ಹೆರಿಗೆಯ ಕಾಗದಪತ್ರಗಳೂ ಊರಿಗೆ ಬರಬೇಕು. ಬೆಂಗಳೂರಿನಲ್ಲಿ ಮಾಡಿಸಿದ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ಶಸ್ತ್ರಕ್ರಿಯೆಯ ಟಿಪ್ಪಣಿ, ರಕ್ತದ ಗುಂಪು ಇವು ಅತ್ತೆಮನೆಯ ಕಪಾಟಿನಲ್ಲಿ ಉಳಿದರೆ, ಇಲ್ಲಿನ ವೈದ್ಯರ ಪಾಲಿಗೆ ಆಕೆ ಇತಿಹಾಸವೇ ಇಲ್ಲದ ಗರ್ಭಿಣಿ. ಬಂದ ವಾರದಲ್ಲಿಯೇ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುವ ಕ್ರಮ 2016ರಿಂದ ಇದೆ. ಅಧಿಕ ಅಪಾಯದವರನ್ನು ಗುರುತಿಸುವುದೇ ಅದರ ಮುಖ್ಯ ಉದ್ದೇಶ.

ಆಸ್ಪತ್ರೆಯ ಆಯ್ಕೆಯಲ್ಲಿ ಕಟ್ಟಡ ನೋಡಿ ಮರುಳಾಗಬಾರದು. ಕೇಳಬೇಕಾದ ಪ್ರಶ್ನೆಗಳು ಬೇರೆ. ಅರಿವಳಿಕೆ ತಜ್ಞರು ರಾತ್ರಿಯೂ ಸಿಗುತ್ತಾರೆಯೇ? ರಕ್ತ ಎಲ್ಲಿಂದ, ಎಷ್ಟು ಹೊತ್ತಿಗೆ ಬರುತ್ತದೆ? ಗುಂಪು ಹೊಂದಿಸಿ ನೋಡಲು ತಗಲುವ ವೇಳೆಯೇ ಮುಕ್ಕಾಲು ಗಂಟೆಯಷ್ಟಾಗಬಹುದು. ನಂದೂರಿನವರಿಗೆ ಕಲಬುರಗಿ ನಗರ ಹತ್ತಿರ, ಅಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೇ ಇವೆ. ಕಮಲಾಪುರದಾಚೆಯ ಹಳ್ಳಿಯವರು ದಿನ ತುಂಬುವ ಮೊದಲೇ ನಗರದ ಬಂಧುಗಳ ಮನೆಗೆ ಬಂದಿರುವುದು ಲೇಸು. 108 ವಾಹನವನ್ನು ನಂಬಿದರೂ, ರಾತ್ರಿ ಎಬ್ಬಿಸಬಹುದಾದ ಇನ್ನೊಂದು ವಾಹನ, ರಕ್ತ ನೀಡಬಲ್ಲ ಇಬ್ಬರು ಮೂವರ ಹೆಸರು ಗೊತ್ತಿರಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ. ಹಣದ ಚಿಂತೆಯಿಂದ ಮನೆಯನ್ನು ಆರಿಸಿಕೊಳ್ಳುವವರು ಇದನ್ನು ತಿಳಿದಿರುವುದು ಒಳಿತು.

ಹೆರಿಗೆಯಾಗಿ ವೈದ್ಯರು ಕಳುಹಿಸಿದ ಮೇಲೆ ಬಾಣಂತಿ ತವರಿನ ಕೋಣೆಗೆ ಮರಳುತ್ತಾಳೆ. ಎರೆಯುವುದು, ಕಾಯಿಸುವುದು, ಕಟ್ಟುವುದು ಆಮೇಲಿನ ಮಾತು. ಗರ್ಭನಂಜಾಗಿದ್ದವಳಿಗೆ ಹೆರಿಗೆಯ ನಂತರವೂ ಫಿಟ್ಸ್ ಬರುವ ಸಂಭವವಿರುವುದರಿಂದ ಮೊದಲ ವಾರದಲ್ಲಿ ರಕ್ತದೊತ್ತಡ ನೋಡಿಸಲೇಬೇಕು. ತಾಯಿಯದು ನೆಗೆಟಿವ್ ರಕ್ತ, ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಬೀಳಬೇಕು. ತಲೆ ಸಿಡಿಯುವ ನೋವು, ಕಣ್ಣು ಮಂಜಾಗುವಿಕೆ, ಚಳಿಜ್ವರ, ಗಂಟೆಗೊಂದು ಬಟ್ಟೆ ತೋಯುವಷ್ಟು ಸ್ರಾವ ಕಂಡರೆ, ಬಾಣಂತಿಯನ್ನು ಹೊಸ್ತಿಲು ದಾಟಿಸಬಾರದೆಂಬ ಶಾಸ್ತ್ರವನ್ನು ಬದಿಗಿಟ್ಟು ಅದೇ ಗಳಿಗೆಯಲ್ಲಿ ವಾಹನಕ್ಕೆ ಕರೆ ಮಾಡಬೇಕು.